ಸಾಕುವ ಕೈಯ ಹೊಣೆ

ಪ್ರಾಣಿದಯೆಯ ವಿಷಯವಾಗಿ ಮಾತನಾಡುವುದು ಸುಲಭ. ಅದನ್ನು ದಿನದಿನವೂ ಮನೆಯೊಳಗೆ ನಡೆಸುವುದು ಕಠಿನ. ಕರುವಿನ ಮೈದಡವುವವನಿಗೂ ಗುಬ್ಬಿಗಳಿಗೆ ಹಿಡಿ ಅಕ್ಕಿ ಚೆಲ್ಲುವವನಿಗೂ ದಯೆಯು ಯಾವ ಸಂಕಟವನ್ನೂ ತಂದೊಡ್ಡುವುದಿಲ್ಲ. ಅಲ್ಲಿ ಒಂದು ಜೀವಕ್ಕೆ ಕೊಟ್ಟದ್ದು ಇನ್ನೊಂದು ಜೀವದಿಂದ ಕಸಿದುಕೊಂಡದ್ದಲ್ಲ. ಆದರೆ ಒಂದು ಜೀವವನ್ನು ಉಳಿಸುವ ತುತ್ತು ಮತ್ತೊಂದು ಜೀವವೇ ಆಗಿದ್ದಾಗ ದಯಾವಂತನಾದ ಗೃಹಸ್ಥನು ಏನು ಮಾಡತಕ್ಕದ್ದು? ಈ ಪ್ರಶ್ನೆಯು ತರ್ಕಶಾಲೆಯಲ್ಲಿ ಹುಟ್ಟಿದುದಲ್ಲ. ಇಂದು ಪಟ್ಟಣಗಳ ಅನೇಕ ಮನೆಗಳಲ್ಲಿ, ಪಡಸಾಲೆಯ ಒಂದು ಮೂಲೆಯಲ್ಲಿ ದೀಪ ಹಚ್ಚಿ ಇಟ್ಟಿರುವ ಗಾಜಿನ ಮೀನುತೊಟ್ಟಿಯ ಮುಂದೆಯೇ ಇದು ಹುಟ್ಟುತ್ತದೆ.

ಹೀಗೆ ಸಾಕುವ ಮೀನುಗಳಲ್ಲಿ ಪಫರ್ ಎಂಬುದು ಒಂದು. ಹೆದರಿದಾಗ ನೀರನ್ನು ಗಟಗಟನೆ ನುಂಗಿ, ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವುದರಿಂದ ಇದನ್ನು ಉಬ್ಬುಮೀನು ಎಂದು ಕರೆಯಬಹುದು. ಲೋಕದಲ್ಲಿ ಇದರ ಜಾತಿಗಳು ಸುಮಾರು 200. ಬಹುಪಾಲು ಕಡಲಿನವು, ಕೆಲವು ಮಾತ್ರ ಸಿಹಿನೀರಿನವು. ಅವುಗಳಲ್ಲಿ ಅತ್ಯಂತ ಚಿಕ್ಕವಾದವುಗಳೊಳಗೆ ಒಂದು ನಮ್ಮ ಪಶ್ಚಿಮಘಟ್ಟದ ಕುಡಿಯೇ ಆಗಿದೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ನದಿತೊರೆಗಳಲ್ಲಿ ಹುಟ್ಟಿ ಬೆಳೆಯುವ ಈ ಮೀನನ್ನು 1941ರಲ್ಲಿ ಸುಂದರಲಾಲ್ ಹೋರಾ ಮತ್ತು ನಾಯರ್ ಎಂಬ ವಿದ್ವಾಂಸರು ಶಾಸ್ತ್ರಲೋಕಕ್ಕೆ ಪರಿಚಯಿಸಿ, ತಿರುವಾಂಕೂರಿನ ಹೆಸರನ್ನೇ ಅದಕ್ಕಿಟ್ಟರು. ಇದರ ಉದ್ದ ಹೆಚ್ಚೆಂದರೆ ಮೂರೂವರೆ ಸೆಂಟಿಮೀಟರು. ಅಂದರೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಮೈಗೆ ಹೊಳೆಯುವ ಹುರುಪೆಯಿಲ್ಲ. ಎರಡು ಕಣ್ಣುಗಳೂ ಒಂದರ ಹಂಗಿಲ್ಲದೆ ಇನ್ನೊಂದು ಬೇರೆಬೇರೆ ದಿಕ್ಕಿಗೆ ತಿರುಗಬಲ್ಲವು. ಅನ್ನವಿಡುವವರು ತೊಟ್ಟಿಯ ಬಳಿಗೆ ಬಂದೊಡನೆ ಗಾಜಿನತ್ತ ಧಾವಿಸಿ ಬಂದು ನಿಲ್ಲುವುದನ್ನು ಅದು ಬೇಗನೆ ಕಲಿಯುತ್ತದೆ. ಇಂತಹ ಜೀವಿಯನ್ನು ಕಂಡ ಮಕ್ಕಳು ಮೋಹಗೊಳ್ಳುವುದರಲ್ಲಿ ಆಶ್ಚರ್ಯವೇನು?

ಆದರೆ ಈ ಮೋಹದ ಬೆನ್ನಿಗೇ ಊಟದ ಪ್ರಶ್ನೆಯು ಬರುತ್ತದೆ. ಈ ಕುಲದ ಮೀನುಗಳ ಬಾಯಿಯಲ್ಲಿ ಮೇಲೆರಡು, ಕೆಳಗೆರಡು, ಹೀಗೆ ನಾಲ್ಕು ಹಲ್ಲುಗಳು ಬೆಸೆದು ಗಿಳಿಯ ಕೊಕ್ಕಿನಂತಾಗಿರುತ್ತವೆ. ಆ ಕೊಕ್ಕು ಜೀವವಿರುವವರೆಗೂ ಬೆಳೆಯುತ್ತಲೇ ಇರುವುದು. ದೊಡ್ಡ ಜಾತಿಗಳಿಗೆ ಚಿಪ್ಪುಳ್ಳ ಗಟ್ಟಿಯಾದ ಆಹಾರ ದೊರೆಯದೆ ಹೋದರೆ ಹಲ್ಲು ಸವೆಯದೆ ಬೆಳೆದು ಬಾಯಿ ಮುಚ್ಚಿ, ಮುಂದಿರುವ ಆಹಾರವನ್ನೂ ತಿನ್ನಲಾರದೆ ಅವು ಹಸಿವಿನಿಂದ ಸಾಯುವುದುಂಟು. ನಮ್ಮ ಘಟ್ಟದ ಪುಟ್ಟ ಮೀನಿಗೆ ಈ ಅಪಾಯ ಅಷ್ಟಿಲ್ಲವಾದರೂ ಆಹಾರದ ಬಗೆ ಒಂದೇ: ನೀರಿನ ಕೀಟಗಳ ಮರಿಗಳು, ನೀರುಚಿಗಟಗಳು, ಕೆಂಪುಹುಳುಗಳು, ಎಳೆಯ ಬಸವನಹುಳುಗಳು. ಅಂಗಡಿಯಲ್ಲಿ ಡಬ್ಬಿ ತುಂಬಿ ಮಾರುವ ಒಣ ಕಾಳನ್ನು ಇದು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಚಲಿಸುವುದನ್ನು ಕಂಡರೆ ಮಾತ್ರ ಅದರ ಕಣ್ಣು ಅರಳುವುದು.

ಆದುದರಿಂದ ಈ ಮೀನನ್ನು ಅಕ್ಕರೆಯಿಂದ ಸಾಕುವವರು ಪಕ್ಕದಲ್ಲಿ ಇನ್ನೊಂದು ಚಿಕ್ಕ ತೊಟ್ಟಿಯನ್ನಿಟ್ಟು ಅದರಲ್ಲಿ ಬಸವನಹುಳುಗಳನ್ನು ಬೆಳೆಸುತ್ತಾರೆ. ಸೌತೆಕಾಯಿಯ ಹೋಳು, ಬೇಯಿಸಿದ ಸೊಪ್ಪಿನ ಎಲೆ ಹಾಕಿ ಅವುಗಳನ್ನು ಪೋಷಿಸುತ್ತಾರೆ. ಅವು ಮೊಟ್ಟೆಯಿಟ್ಟು ಮರಿಯಾದಾಗ ಸಂತೋಷಪಡುತ್ತಾರೆ. ಬಳಿಕ ಎಳೆಯವನ್ನು ಆರಿಸಿ ಮೀನಿನ ತೊಟ್ಟಿಗೆ ಹಾಕುತ್ತಾರೆ. ತಲೆಯ ಮೇಲೆ ಎರಡು ಕೊಂಬುಗಳನ್ನು ಚಾಚಿ ಮೆಲ್ಲನೆ ನಡೆಯುವ ಆ ಬಡ ಜೀವಿಗೆ ಕನ್ನಡ ಜನರು ಬಸವನ ಹೆಸರನ್ನು ಕೊಟ್ಟಿದ್ದಾರೆ. ಮಾಂಸವು ಹೊಸ್ತಿಲು ದಾಟದ ಮನೆಯಲ್ಲಿ, ಒಂದು ಕೈಯಿಂದ ಸಾಕಿ ಇನ್ನೊಂದು ಕೈಯಿಂದ ಸಾವಿಗೊಪ್ಪಿಸುವ ಈ ಕೆಲಸವು ದಯೆಯೋ, ದಯೆಯ ವೇಷ ಹಾಕಿದ ವಿನೋದವೋ? ವಿಚಾರಮಾಡತಕ್ಕ ಪ್ರಶ್ನೆಯಿದು.

ಇದಕ್ಕೆ ಲೋಕವು ಕೊಡುವ ಮೊದಲನೆಯ ಉತ್ತರವು ಹೀಗಿದೆ: "ಸಣ್ಣದನ್ನು ದೊಡ್ಡದು ತಿನ್ನುವುದು ಸೃಷ್ಟಿಯ ನಿಯಮ. ಹೊಳೆಯಲ್ಲಿದ್ದರೂ ಆ ಮೀನು ಹುಳುವನ್ನು ತಿನ್ನುತ್ತಿತ್ತು, ತೊಟ್ಟಿಯಲ್ಲಿಯೂ ತಿನ್ನುತ್ತದೆ. ನಡುವೆ ಗೃಹಸ್ಥನಿಗೇಕೆ ಪಾಪ?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮೀನಿಗೆ ಪಾಪವಿಲ್ಲವೆಂಬುದು ನಿಶ್ಚಯ. ತನ್ನ ಹುಟ್ಟುಗುಣದಂತೆ ನಡೆಯುವ ಪ್ರಾಣಿಯನ್ನು ಕ್ರೂರಿಯೆಂದು ಜರೆಯುವುದು ಅವಿವೇಕ. ಆದರೆ ಹೊಳೆಗೂ ತೊಟ್ಟಿಗೂ ಇರುವ ಅಂತರವನ್ನು ಈ ಉತ್ತರವು ಮುಚ್ಚಿಡುತ್ತದೆ. ಹೊಳೆಯಲ್ಲಿ ಬಸವನಹುಳುವಿಗೆ ಕಲ್ಲಿನ ಸಂದಿಯುಂಟು, ಜೊಂಡಿನ ಮರೆಯುಂಟು. ಅದು ತಪ್ಪಿಸಿಕೊಂಡರೂ ತಪ್ಪಿಸಿಕೊಳ್ಳಬಹುದು. ಮೀನು ಹಸಿದಿದ್ದರೂ ಹಸಿದಿರಬಹುದು. ಅಲ್ಲಿ ಆಯ್ದುಕೊಡುವ ಕೈ ಯಾವುದೂ ಇಲ್ಲ.

ಗಾಜಿನ ತೊಟ್ಟಿಯ ಚರಿತ್ರೆಯೇ ಈ ಅಂತರವನ್ನು ಸ್ಪಷ್ಟಪಡಿಸುತ್ತದೆ. 1850ರಲ್ಲಿ ಲಂಡನ್ ನಗರದ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಎಂಬವರು ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಗಾಜಿನ ಪಾತ್ರೆಯೊಂದರಲ್ಲಿ ಎರಡು ಹೊನ್ನಮೀನುಗಳನ್ನೂ ಒಂದು ಜಾತಿಯ ನೀರುಗಿಡವನ್ನೂ ಅವರು ಇಟ್ಟರು. ಗಿಡವು ಮೀನಿಗೆ ಪ್ರಾಣವಾಯುವನ್ನು ಕೊಟ್ಟಿತು. ಆದರೆ ಗಿಡದ ಕೊಳೆತ ಎಲೆಗಳಿಂದ ನೀರು ಕೆಡತೊಡಗಿತು. ಆಗ ಅವರು ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತುದನ್ನು ತಿಂದು ನೀರನ್ನು ತಿಳಿಗೊಳಿಸಿದವು. ಮೀನು, ಗಿಡ, ಹುಳು ಮೂರೂ ಒಂದನ್ನೊಂದು ಉಳಿಸಿದಾಗಲೇ ಆ ಗಾಜಿನ ಮನೆ ನಿಂತಿತು. ಮುಂದೆ 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆಯು ತೆರೆಯಿತು. ಈ ವೃತ್ತಾಂತದಿಂದ ತಿಳಿಯಬೇಕಾದುದೇನು? ಹೊಳೆಯಲ್ಲಿ ಮಳೆ, ಬಿಸಿಲು, ಹರಿವು, ಕೆಸರು ಇವೆಲ್ಲ ಸೇರಿ ಮಾಡುವ ಕೆಲಸವನ್ನು ತೊಟ್ಟಿಯಲ್ಲಿ ಒಬ್ಬ ಮನುಷ್ಯನು ಮಾಡಬೇಕು. ನಾಲ್ಕು ಗಾಜುಗಳ ಒಳಗೆ ನಡೆಯುವುದೆಲ್ಲವೂ, ಹುಟ್ಟಿರಲಿ ಸಾವಿರಲಿ, ಅವನ ಇಚ್ಛೆಯಿಂದಲೋ ಅವನ ಉದಾಸೀನದಿಂದಲೋ ನಡೆಯುತ್ತದೆ. ಸೃಷ್ಟಿಯ ನಿಯಮವನ್ನು ತನ್ನ ಕೈಗೆ ತೆಗೆದುಕೊಂಡವನು ಅದರ ಭಾರವನ್ನು ಮತ್ತೆ ಸೃಷ್ಟಿಯ ಮೇಲೆ ಹೊರಿಸಲು ಬಾರದು.

ಎರಡನೆಯ ಉತ್ತರವನ್ನು ಭಕ್ತಿವಂತರೇ ಕೊಡುತ್ತಾರೆ: "ನಮ್ಮ ಮನೆಗೆ ಬಂದ ಮೇಲೆ ಅದೂ ನಮ್ಮಂತೆಯೇ ಇರಲಿ. ಅನ್ನದ ಅಗುಳು, ಹಿಟ್ಟಿನ ಉಂಡೆ ಹಾಕೋಣ. ನಾಯಿಯು ಮುದ್ದೆ ತಿಂದು ಬದುಕುವುದಿಲ್ಲವೆ?" ನೋಡಲು ಇದು ಧರ್ಮದಂತೆ ಕಾಣುವುದು, ವಿಚಾರಿಸಿದರೆ ಮೊದಲನೆಯದಕ್ಕಿಂತಲೂ ಕಠೋರವಾದುದು. ನಾಯಿಯು ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿಯೇ ಬಾಳಿ, ಅವನ ಧಾನ್ಯವನ್ನು ಅರಗಿಸುವ ಶಕ್ತಿಯನ್ನು ಪಡೆದಿದೆ. ಪಫರ್ ಮೀನಿಗೆ ಆ ಇತಿಹಾಸವಿಲ್ಲ. ಹಿಟ್ಟಿನ ಉಂಡೆಯು ಅದರ ಬಾಯಿಗೆ ಹೋಗದೆ ತಳದಲ್ಲಿ ಕೊಳೆಯುವುದು. ನೀರು ಕೆಡುವುದು, ಮೀನಿನ ಹೊಟ್ಟೆ ಒಳಕ್ಕೆ ಸೆಳೆಯುವುದು, ಕೆಲವು ವಾರಗಳಲ್ಲಿ ಅದು ಸದ್ದಿಲ್ಲದೆ ಸಾಯುವುದು. ರಕ್ತ ಕಾಣಲಿಲ್ಲವಾದುದರಿಂದ ಹಿಂಸೆಯಾಗಲಿಲ್ಲವೆಂದು ಮನೆಯವರು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಹಸಿವಿನ ಹಿಂಸೆಗೆ ರಕ್ತವೆಲ್ಲಿಂದ ಬರಬೇಕು?

ವ್ರತವೆಂಬುದು ತಿಳಿದು ಕೈಕೊಂಡವನಿಗೆ ಭೂಷಣ. ತಿಳಿಯದ ಜೀವದ ಮೇಲೆ ಹೇರಿದ ವ್ರತವು ಬರಿಯ ಉಪವಾಸದ ಶಿಕ್ಷೆ. ದಾಸೋಹದ ಮರ್ಮವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ದಾಸೋಹದಲ್ಲಿ ಬಡಿಸುವವನ ರುಚಿಯು ಮುಖ್ಯವಲ್ಲ, ಉಣ್ಣುವವನ ಹಸಿವು ಮುಖ್ಯ. ಬಡಿಸುವವನು ತನ್ನ ಹೆಮ್ಮೆಯನ್ನು ಎಲೆಯ ಮೇಲೆ ಇಡಬಾರದು. ಈ ದೇಶದ ಕಾನೂನೂ ಇದೇ ಮಾತನ್ನು ತನ್ನ ರೀತಿಯಲ್ಲಿ ಹೇಳಿದೆ. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳನ್ನೂ ಪ್ರಾಣಿಯೆಂದೇ ಎಣಿಸುತ್ತದೆ. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯಗಳನ್ನು ಒದಗಿಸದ ಒಡೆಯನನ್ನು ಅಪರಾಧಿಯೆನ್ನುತ್ತದೆ. ಆನೆಗೆ ಸಲ್ಲುವ ಈ ನ್ಯಾಯವು ಹೆಬ್ಬೆರಳಿನ ಗೆಣ್ಣಿನಷ್ಟು ಮೀನಿಗೂ ಸಲ್ಲುವುದು.

ಮೂರನೆಯ ಉತ್ತರವು ಜಾಣರದು. ಜೀವಂತ ಹುಳುವನ್ನು ಹಾಕುವುದು ಬೇಡ; ಅಂಗಡಿಯಲ್ಲಿ ಹಿಮಗಟ್ಟಿಸಿದ ಕೆಂಪುಹುಳುಗಳ ಬಿಲ್ಲೆಗಳು ದೊರೆಯುತ್ತವೆ; ಅವನ್ನು ಕರಗಿಸಿ ಹಾಕಿದರೆ ಕೈಗೆ ಕೊಲೆ ಅಂಟುವುದಿಲ್ಲವೆಂಬುದು ಇವರ ವಾದ. ಮೀನಿನ ಆರೋಗ್ಯದ ದೃಷ್ಟಿಯಿಂದ ಈ ಆಹಾರವು ಒಳ್ಳೆಯದೇ. ಅನೇಕ ಪಫರ್‌ಗಳು ಅದನ್ನು ತಿನ್ನಲು ಕಲಿಯುತ್ತವೆ. ಕಣ್ಣೆದುರಿಗೆ ಒಂದು ಜೀವವು ಒದ್ದಾಡುವುದನ್ನು ಮಕ್ಕಳು ಆಟದಂತೆ ನೋಡಿ ನಗುವ ಕೆಡುಕೂ ಇಲ್ಲಿ ತಪ್ಪುವುದು. ಇಷ್ಟು ಲಾಭವನ್ನು ಒಪ್ಪಬೇಕು. ಆದರೆ ಒಂದು ಬಿಲ್ಲೆಯಲ್ಲಿ ಎಷ್ಟೋ ಹುಳುಗಳಿರುತ್ತವೆ. ಸಾವು ಕಣ್ಣಿಗೆ ದೂರವಾಯಿತೇ ಹೊರತು ಕಡಿಮೆಯಾಗಲಿಲ್ಲ. ಬೇರೆಯವರ ಕೈಯಿಂದ ಮಾಡಿಸಿ ತನ್ನ ಕೈ ತೊಳೆದುಕೊಂಡವನು ಶುದ್ಧನಾದನೆಂದು ಯಾವ ಅನುಭಾವಿಯೂ ಒಪ್ಪಲಾರನು.

ಇಲ್ಲಿ ಒಂದು ಶಂಕೆಯು ಏಳಬಹುದು. "ಇಷ್ಟು ಸೂಕ್ಷ್ಮವಾಗಿ ತೂಗುವುದಾದರೆ ಬದುಕುವುದು ಹೇಗೆ? ಒಕ್ಕಲಿಗನ ನೇಗಿಲ ಗೆರೆಯಲ್ಲಿ ಎರೆಹುಳು ತುಂಡಾಗುವುದಿಲ್ಲವೆ? ಮದುವೆಯ ಒಂದು ರೇಷ್ಮೆ ಸೀರೆಗಾಗಿ ಸಾವಿರಾರು ಗೂಡುಗಳನ್ನು ಒಳಗಿನ ಹುಳುವಿನ ಸಹಿತ ಕುದಿನೀರಿಗೆ ಹಾಕುವುದಿಲ್ಲವೆ? ಅದನ್ನು ಉಟ್ಟವರು ನಾಲ್ಕು ಬಸವನಹುಳುಗಳಿಗಾಗಿ ಮರುಗುವುದು ಡಂಭವಲ್ಲವೆ?" ಶಂಕೆಯು ತೀಕ್ಷ್ಣವಾಗಿದೆ, ತಳ್ಳಿಹಾಕತಕ್ಕದ್ದಲ್ಲ. ಆದರೆ ಒಂದು ಕಡೆ ಕಣ್ಣು ಮುಚ್ಚಿದವನು ಇನ್ನೊಂದು ಕಡೆಯೂ ಮುಚ್ಚಲೇಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ. ರೇಷ್ಮೆಯ ವಿಷಯದಲ್ಲಿಯೂ ಕಣ್ಣು ತೆರೆಯಬೇಕೆಂದು ಸಿದ್ಧವಾಗುತ್ತದೆ. ನೇಗಿಲಿನ ಮಾತು ಬೇರೆ. ಅದು ಕಾಯಕ, ಅದರಿಂದ ಲೋಕಕ್ಕೆ ಅನ್ನ. ಅಲ್ಲಿಯ ಹಿಂಸೆಯು ಬೇಡಿದುದಲ್ಲ, ತಪ್ಪಿಸಲಾಗದುದು. ಅವಶ್ಯಕತೆಗಾಗಿ ಆಗುವ ಹಿಂಸೆಗೂ ಬೇಸರ ಕಳೆಯಲು ತಂದುಕೊಂಡ ಹಿಂಸೆಗೂ ಒಂದೇ ತಕ್ಕಡಿ ಸಲ್ಲದು. ಪಫರ್ ಮೀನನ್ನು ಸಾಕದೆ ಇದ್ದ ಮಾತ್ರಕ್ಕೆ ಯಾವ ಮನೆಯ ಒಲೆಯೂ ಆರುವುದಿಲ್ಲ.

ಇದರಿಂದ ನಿಷ್ಪನ್ನವಾಗುವ ಮೊದಲನೆಯ ತೀರ್ಮಾನವಿದು: ಮಾಂಸಾಹಾರವನ್ನೇ ನಂಬಿದ ಜೀವಿಯನ್ನು ಬರಿಯ ವಿನೋದಕ್ಕಾಗಿ ಮನೆಗೆ ತರದೆ ಇರುವುದೇ ಗೃಹಸ್ಥನಿಗೆ ಉತ್ತಮ ಮಾರ್ಗ. ದಯೆಯು ಕೊಳ್ಳುವ ಮುನ್ನವೇ ಕೆಲಸಮಾಡಬೇಕು. ಕೊಂಡ ಮೇಲೆ ಹುಟ್ಟುವುದು ಬಹುಮಟ್ಟಿಗೆ ಪಶ್ಚಾತ್ತಾಪ. ಈ ಮೀನಿನ ವಿಷಯದಲ್ಲಂತೂ ಇದಕ್ಕೆ ಇನ್ನೂ ಒಂದು ಕಾರಣವಿದೆ. ಘಟ್ಟದ ತೊರೆಗಳಿಂದ ಇದನ್ನು ಹಿಡಿದು ದೇಶವಿದೇಶಗಳಿಗೆ ಮಾರಿದುದರಿಂದಲೂ ಅದರ ನೆಲೆಗಳು ಕೆಟ್ಟುದರಿಂದಲೂ ಇದರ ಸಂತತಿ ಕುಗ್ಗಿದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಜೀವಿಗಳ ಸಾಲಿಗೆ ಸೇರಿಸಿದೆ. ಪಡಸಾಲೆಯ ಒಂದು ತೊಟ್ಟಿಯ ಅಂದಕ್ಕಾಗಿ ಹೊಳೆಯೊಂದು ಬರಿದಾಗಬಾರದು.

ಹಾಗಾದರೆ ಈಗಾಗಲೇ ಮನೆಯಲ್ಲಿರುವ ಮೀನಿನ ಗತಿಯೇನು? ಮಗನ ಹಟಕ್ಕೆ ತಂದುದಿರಬಹುದು, ಯಾರೋ ಕೊಟ್ಟುದಿರಬಹುದು. ಅದು ಬಂದಿದೆ, ಗಾಜಿನ ಹಿಂದೆ ನಿಂತು ನೋಡುತ್ತಿದೆ. ಎರಡನೆಯ ತೀರ್ಮಾನವು ಇಲ್ಲಿ ಬರುತ್ತದೆ. ತಂದ ಮೇಲೆ ಅದರ ಸ್ವಭಾವಕ್ಕೆ ತಕ್ಕಂತೆ, ಅದರ ಆಯುಷ್ಯ ಮುಗಿಯುವವರೆಗೂ ನಡೆಸಿಕೊಳ್ಳಲೇಬೇಕು. ಆ ಆಯುಷ್ಯವು ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ. ಅಷ್ಟು ಕಾಲವೂ ಅದಕ್ಕೆ ಹುಳುವನ್ನೇ ಹಾಕಬೇಕು. ಹಾಕುವಾಗ ಮಿತವಿರಬೇಕು: ದಿನಕ್ಕೊಮ್ಮೆ, ಹೊಟ್ಟೆಯು ತುಸು ದುಂಡಗಾಗುವಷ್ಟು. ಉಳಿದುದನ್ನು ಕೂಡಲೆ ತೆಗೆಯಬೇಕು. ಗಾಜಿನ ಬಳಿ ಬಂದು ಬೇಡುವಂತೆ ನಿಂತಿತೆಂದು ಮತ್ತೆ ಮತ್ತೆ ಹಾಕುವುದು ಅಕ್ಕರೆಯಲ್ಲ. ಗದ್ದೆಯ ಬಸವನಹುಳುಗಳನ್ನು ಹಿಡಿದು ತಂದು ಹಾಕುವುದೂ ಸರಿಯಲ್ಲ. ಅವುಗಳಲ್ಲಿ ಕೀಟನಾಶಕದ ವಿಷವೋ ರೋಗದ ಬೀಜವೋ ಇರಬಹುದು.

ನೀರಿನ ಎಚ್ಚರವು ಊಟದ ಎಚ್ಚರಕ್ಕಿಂತ ಕಡಿಮೆಯದಲ್ಲ. ಮೀನಿನ ಮಲದಿಂದ ನೀರಿನಲ್ಲಿ ಅಮೋನಿಯವೆಂಬ ವಿಷವು ಸೇರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಆ ಸೂಕ್ಷ್ಮಾಣುಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಹಲವು ವಾರಗಳು ಬೇಕು. ಇಂದು ತೊಟ್ಟಿಯನ್ನು ಕೊಂಡು ಇಂದೇ ಮೀನು ಬಿಟ್ಟವರು ನಾಳೆ ಅದು ಸತ್ತುದಕ್ಕೆ ವಿಧಿಯನ್ನು ದೂರುತ್ತಾರೆ. ಅಲ್ಲಿ ವಿಧಿಯ ತಪ್ಪು ಏನೂ ಇಲ್ಲ. ಹುರುಪೆಯಿಲ್ಲದ ಪಫರ್ ಮೀನಿಗೆ ಕೆಟ್ಟ ನೀರು ಬೇರೆ ಮೀನುಗಳಿಗಿಂತ ಬೇಗ ತಾಗುತ್ತದೆ. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಬದಲಿಸಬೇಕು. ನಲ್ಲಿಯ ನೀರಿನ ಕ್ಲೋರಿನ್ ಹೋಗಿಸಿಯೇ ಹಾಕಬೇಕು. ಒಂದೇ ಮೀನಿಗಾದರೂ 20 ಲೀಟರಿನಷ್ಟು ನೀರೂ ಮರೆಗೆ ಗಿಡಗಳೂ ಇರತಕ್ಕದ್ದು. ಗಂಡುಗಳು ತಮ್ಮೊಳಗೆ ಕಾದಾಡುತ್ತವೆ. ಬೇರೆ ಮೀನುಗಳ ರೆಕ್ಕೆಯನ್ನು ಕಚ್ಚುತ್ತವೆ. ಆದುದರಿಂದ ಸಂಗಾತಿ ಬೇಕೆಂದು ಕಂಡಕಂಡ ಮೀನುಗಳನ್ನು ಜೊತೆಗೆ ಬಿಡಬಾರದು. ಉಬ್ಬುವುದನ್ನು ನೋಡುವ ಆಸೆಯಿಂದ ಅದನ್ನು ಕೆಣಕುವುದಂತೂ ಕೇವಲ ಕ್ರೌರ್ಯ. ಅದು ಉಬ್ಬುವುದು ನಲಿವಿನಿಂದಲ್ಲ, ಪ್ರಾಣಭಯದಿಂದ. ನೀರಿನಿಂದ ಹೊರಗೆತ್ತಿದರೆ ಗಾಳಿಯನ್ನು ನುಂಗಿ ಅದನ್ನು ಹೊರಹಾಕಲಾರದೆ ಸಾಯಲೂಬಹುದು.

ಜಾತಿಯನ್ನು ತಿಳಿಯದೆ ತಂದವರ ಕಷ್ಟವು ಇನ್ನೂ ದೊಡ್ಡದು. ಸಿಹಿನೀರಿನ ಮೀನೆಂದು ಮಾರುವ ಹಸಿರುಚುಕ್ಕೆಯ ಪಫರ್ ಬೆಳೆದಂತೆ ಉಪ್ಪುಬೆರೆತ ನೀರನ್ನು ಬೇಡುತ್ತದೆ. ಆಫ್ರಿಕಾದ ಕಾಂಗೋ ನದಿಯ ಒಂದು ಜಾತಿಯಂತೂ ಬೆರಳುದ್ದದ ಮರಿಯಾಗಿ ಬಂದು ಎರಡು ಅಡಿಗೂ ಮೀರಿ ಬೆಳೆಯುತ್ತದೆ. ಆಗ ಕೆಲವರಿಗೆ ತೋರುವ ಸುಲಭೋಪಾಯವೆಂದರೆ ಹತ್ತಿರದ ಕೆರೆಗೆ ಬಿಟ್ಟುಬಿಡುವುದು. "ಬಂಧನದಿಂದ ಬಿಡಿಸಿದೆವು" ಎಂಬ ಪುಣ್ಯದ ಭಾವನೆಯೂ ಇದಕ್ಕೆ ಸೇರುವುದು. ಇದು ಪುಣ್ಯವಲ್ಲ. ಪರನೆಲದ ಮೀನು ಹೊಸ ನೀರಿನಲ್ಲಿ ಒಂದೋ ಸಾಯುತ್ತದೆ, ಇಲ್ಲವೆ ಅಲ್ಲಿಯ ಜೀವಿಗಳನ್ನು ತಿಂದು ಬೆಳೆಯುತ್ತದೆ. 2023ರಲ್ಲಿ ಕಾಶ್ಮೀರದ ದಾಲ್ ಸರೋವರವನ್ನು ಶುಚಿಗೊಳಿಸುತ್ತಿದ್ದಾಗ ಅಮೆರಿಕ ಖಂಡಕ್ಕೆ ಸೇರಿದ, ಮೊಸಳೆಮೂತಿಯ ಗಾರ್ ಎಂಬ ಬೇಟೆಮೀನು ಸಿಕ್ಕಿತು. ಸಾಕಣೆಯ ವ್ಯಾಪಾರದಲ್ಲಿ ಓಡಾಡುವ ಇಂತಹ ಮೀನುಗಳು ತಾವಾಗಿ ಸಮುದ್ರ ದಾಟಿ ಬರುವುದಿಲ್ಲ. ಸಾಕಲಾರದವನು ಸಾಕಬಲ್ಲ ಇನ್ನೊಬ್ಬರಿಗೆ ಒಪ್ಪಿಸಬೇಕು. ಕೆರೆಯ ಮೇಲೆ ಹೊಣೆಯನ್ನು ಹಾಕಬಾರದು.

ಇಷ್ಟೆಲ್ಲವನ್ನೂ ಶ್ರದ್ಧೆಯಿಂದ ನಡೆಸಿದವನಿಗೆ ಬಸವನಹುಳುವಿನ ಸಾವಿನ ಭಾರ ಇಳಿಯಿತೆ? ಇಳಿಯಲಿಲ್ಲ. ಮೀನನ್ನು ಉಪವಾಸ ಕೆಡವುವುದಕ್ಕಿಂತ ಅದಕ್ಕೆ ಹುಳುವನ್ನು ಕೊಡುವುದು ಕಡಿಮೆಯ ಕೇಡು, ಕೇಡಲ್ಲವೆಂದಲ್ಲ. ಎರಡರಲ್ಲಿ ಕಡಿಮೆಯದನ್ನು ಆರಿಸಿದವನು ತಾನು ನಿರ್ದೋಷಿಯಾದೆನೆಂದು ಬೀಗಬಾರದು. ಭಾರವಿದೆಯೆಂದು ಹೆದರಿ ಹಸಿದ ಜೀವವನ್ನು ಕೈಬಿಡಲೂ ಬಾರದು. ಭಾರವನ್ನು ಭಾರವೆಂದೇ ತಿಳಿದು ಹೊರಬೇಕು. ಹನ್ನೆರಡನೆಯ ಶತಮಾನದ ಶರಣರು ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಸಾರಿದಾಗ, ಆ ಸಕಲರಲ್ಲಿ ಮುದ್ದಾದವು ಮಾತ್ರವೇ ಇರಬೇಕೆಂದು ಹೇಳಲಿಲ್ಲ. ಕಣ್ಣರಳಿಸುವ ಮೀನಿಗೊಂದು, ಅದರ ಬಾಯಿಗೆ ಬೀಳುವ ಹುಳುವಿಗೊಂದು ಎಂದು ಪಂಕ್ತಿಭೇದ ಮಾಡುವ ದಯೆಯು ನಿಜಕ್ಕೂ ತನ್ನ ಕಣ್ಣಿನ ಸುಖವನ್ನೇ ಪೂಜಿಸುತ್ತದೆ.

ಮನೆಯ ಮಗುವು ಮೀನು ಬೇಕೆಂದು ಕೇಳಿದಾಗ ತಾಯಿತಂದೆಗಳು ಗದರಿಸಬೇಕಾಗಿಲ್ಲ. ಸುಳ್ಳು ಹೇಳಿ ಮರೆಸಬೇಕಾಗಿಯೂ ಇಲ್ಲ. ಆ ಮೀನು ಏನನ್ನು ತಿನ್ನುವುದು, ಅದು ಎಲ್ಲಿಂದ ಬಂದಿತು, ಎಷ್ಟು ವರ್ಷ ಬದುಕುವುದು, ಪ್ರತಿದಿನ ಹುಳು ಹಾಕುವ ಕೈ ಯಾರದು, ಪ್ರತಿವಾರ ನೀರು ಬದಲಿಸುವವರು ಯಾರು ಎಂಬುದನ್ನು ಮಗುವಿನೊಂದಿಗೆ ಕುಳಿತು ಎಣಿಸಿದರೆ ಸಾಕು. ಎಣಿಸಿದ ಮೇಲೆ ಬೇಡವೆಂದು ಆ ಮಗುವೇ ಹೇಳಿದರೆ ಅದಕ್ಕೆ ದಯೆಯ ಮೊದಲ ಪಾಠವಾಯಿತು. ಬೊಗಸೆಯಲ್ಲಿ ಅಕ್ಕಿ ಹಿಡಿದು ಅಂಗಳದ ಗುಬ್ಬಿಗಳ ಬಳಿಗೆ ಅದನ್ನು ಕರೆದೊಯ್ಯಬಹುದು. ತೊರೆಯ ಬಳಿಗೆ ಹೋದಾಗ, ತಿಳಿನೀರಿನಲ್ಲಿ ತನ್ನಷ್ಟಕ್ಕೆ ಸುಳಿಯುವ ಮೀನುಗಳನ್ನು ದಡದಲ್ಲಿ ಕುಳಿತು ತೋರಿಸಬಹುದು. ಅಲ್ಲಿ ಮೀನಿಗೆ ಹೊಳೆಯಿದೆ, ಬಸವನಹುಳುವಿಗೆ ಕಲ್ಲಿನ ಮರೆಯಿದೆ, ನೋಡುವವನ ಕೈಯಲ್ಲಿ ಯಾರ ಸಾವೂ ಇಲ್ಲ.